ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನಿಗೆ ಸ್ಮಾರ್ಟ್ ರಿಲೇ: ಎರಡು ವರ್ಷದ ಬಳಕೆ

ಸ್ನಾನ ಮುಗಿದ ಮೇಲೂ ಫ್ಯಾನ್ ಒಂದಿಪ್ಪತ್ತು ನಿಮಿಷ ಓಡಬೇಕು. ಆಗಲೇ ಗೋಡೆ ಒಣಗುವುದು. ಆದರೆ ಹೊರಗೆ ಬರುವಾಗ ಎಲ್ಲರ ಕೈಯೂ ಸ್ವಿಚ್ಚಿಗೆ ಹೋಗುತ್ತದೆ, ಅಲ್ವಾ? ನಮ್ಮ ಚಾವಣಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಟ್ಟಿದ್ದು ಹೀಗೆಯೇ. ಅದನ್ನು ಮೂರನೇ ಸಲ ಉಜ್ಜಿ ತೆಗೆದ ದಿನ ಈ ಕೆಲಸಕ್ಕೆ ಕೈ ಹಾಕಿದೆ.

ಫ್ಯಾನ್ ಬದಲಿಸಲಿಲ್ಲ. ಸ್ವಿಚ್ ಬೋರ್ಡಿನ ಒಳಗೆ, ಸ್ವಿಚ್ಚಿನ ಹಿಂದೆ, ಬೆಂಕಿಪೊಟ್ಟಣದಷ್ಟು ದೊಡ್ಡ ವೈಫೈ ರಿಲೇ, ಅಂದರೆ ವೈಫೈ ಮೂಲಕ ಆನ್-ಆಫ್ ಮಾಡಬಹುದಾದ ಸ್ವಿಚ್, ಕೂರಿಸಿದೆವು. ಇಂಥ ಹೆಚ್ಚಿನ ರಿಲೇಗಳಿಗೆ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ತಂತಿ) ಬೇಕು. ಕೆಲವು ಹಳೆಯ ಬೋರ್ಡುಗಳಲ್ಲಿ ಬರೀ ಫೇಸ್ (ಕರೆಂಟ್ ಬರುವ ತಂತಿ) ಇರುತ್ತದೆ. ಕೊಳ್ಳುವ ಮುಂಚೆ ಎಲೆಕ್ಟ್ರಿಷಿಯನ್ ಹತ್ತಿರ ಬೋರ್ಡ್ ಬಿಚ್ಚಿಸಿ ನೋಡಿಸಿ. ಬಚ್ಚಲುಮನೆಯ ವೈರಿಂಗ್ ಅವರ ಕೈಯಲ್ಲೇ ಆಗಲಿ.

ತೇವಾಂಶ ಅಳೆಯುವ ಜಿಗ್ಬೀ (ಕಡಿಮೆ ಕರೆಂಟಿನ ವೈರ್‌ಲೆಸ್) ಸೆನ್ಸರ್ ಒಂದನ್ನು ಒಳಗೆ ಇಟ್ಟೆ. ರಿಲೇ, ಸೆನ್ಸರ್ ಎರಡನ್ನೂ ಹೋಮ್ ಅಸಿಸ್ಟೆಂಟ್ ಎಂಬ, ಮನೆಯ ಕಂಪ್ಯೂಟರಿನಲ್ಲೇ ಓಡುವ ಸಾಫ್ಟ್‌ವೇರಿಗೆ ಸೇರಿಸಿದೆ. ಇಂಟರ್ನೆಟ್ ಹೋದರೂ ಮನೆಯೊಳಗೆ ಎಲ್ಲ ನಡೆಯುತ್ತದೆ.

ಮೊದಲು ಬರೆದ ನಿಯಮ ತುಂಬ ಸರಳವಾಗಿತ್ತು. ತೇವಾಂಶ ಶೇ. 65 ದಾಟಿದರೆ ಫ್ಯಾನ್ ಆನ್, ಇಳಿದರೆ ಆಫ್. ಬೇಸಿಗೆಯಲ್ಲಿ ಚೆನ್ನಾಗಿಯೇ ಓಡಿತು. ಮಳೆ ಹಿಡಿದುಕೊಂಡಾಗ ಇಡೀ ಮನೆಯ ತೇವಾಂಶವೇ 75 ದಾಟಿತು. ಯಾರೂ ಸ್ನಾನ ಮಾಡದಿದ್ದರೂ ಫ್ಯಾನ್ ರಾತ್ರಿಯಿಡೀ ಸುಮ್ನೆ ತಿರುಗುತ್ತಿತ್ತು. ಹೊರಗಿನ ಗಾಳಿಯೇ ಒದ್ದೆ ಇರುವಾಗ ಅದು ಎಷ್ಟು ಓಡಿದರೂ ಒಳಗೆ 65 ಬರುವುದಿಲ್ಲ. ಹಾಗಾಗಿ ಇನ್ನೊಂದು ಸೆನ್ಸರನ್ನು ಪಕ್ಕದ ಕೋಣೆಯಲ್ಲಿಟ್ಟೆ. ಈಗ ನೋಡುವುದು ಎರಡರ ವ್ಯತ್ಯಾಸ ಮಾತ್ರ. ಬಚ್ಚಲುಮನೆ 15 ಅಂಕ ಮೇಲೆ ಹೋದರೆ ಆನ್, 5ಕ್ಕೆ ಇಳಿದರೆ ಆಫ್. ನಡುವೆ ಅಂತರ ಬಿಟ್ಟಿದ್ದರಿಂದ ಫ್ಯಾನ್ ಪದೇ ಪದೇ ಆನ್-ಆಫ್ ಆಗುವುದಿಲ್ಲ. ಸೆನ್ಸರ್ ಕೈಕೊಟ್ಟರೂ ಒಂದು ಗಂಟೆಗೆ ತಾನೇ ನಿಲ್ಲುವಂತೆ ಟೈಮರ್ ಕೂಡ ಇದೆ. ಈ ಒಂದು ಬದಲಾವಣೆಯಿಂದ ಸಿಕ್ಕಿದ ನೆಮ್ಮದಿ ಉಳಿದ ಎಲ್ಲದಕ್ಕಿಂತ ಜಾಸ್ತಿ.

ಸೆನ್ಸರನ್ನು ಶವರ್ ಪಕ್ಕ ಇಡಬೇಡಿ. ಅದರ ಮೇಲೇ ನೀರು ಕೂತು, ಕೋಣೆ ಒಣಗಿದರೂ ಅದು ಒದ್ದೆ ಎಂದೇ ಹೇಳುತ್ತಿರುತ್ತದೆ. ನಮ್ಮದು ಬಾಗಿಲ ಮೇಲಿದೆ.

ಹಾಕಿಸಿದ ಎಂಟನೇ ತಿಂಗಳಲ್ಲಿ ಮೊದಲ ರಿಲೇ ಕೆಟ್ಟಿತು. ಆಪ್‌ನಲ್ಲಿ ಆಫ್ ಅಂತ ತೋರಿಸುತ್ತದೆ, ಫ್ಯಾನ್ ಓಡುತ್ತಲೇ ಇದೆ. ಒಳಗಿನ ಕಾಂಟ್ಯಾಕ್ಟುಗಳು (ಕೂಡಿ-ಬಿಟ್ಟು ಕರೆಂಟ್ ಆನ್-ಆಫ್ ಮಾಡುವ ಲೋಹದ ತುದಿಗಳು) ಅಂಟಿಕೊಂಡಿದ್ದವು. ಮೋಟರಿನ ಕರೆಂಟನ್ನು ತಟ್ಟನೆ ಕಡಿದಾಗ ಸುರುಳಿಯಲ್ಲಿ ವೋಲ್ಟೇಜ್ ಜಿಗಿದು ಕಿಡಿ ಹಾರುತ್ತದೆ. ಬಲ್ಬಿಗೆ ಈ ತೊಂದರೆ ಇಲ್ಲ. ಹೊಸ ರಿಲೇ ಹಾಕುವಾಗ ಫ್ಯಾನಿನ ಎರಡು ತುದಿಗೆ ಅಡ್ಡವಾಗಿ ಒಂದು ಆರ್‌ಸಿ ಸ್ನಬರ್ (ಆ ವೋಲ್ಟೇಜ್ ಜಿಗಿತವನ್ನು ತಗ್ಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಹಾಕಿಸಿದೆ, 100 ಓಮ್, 0.1 ಮೈಕ್ರೋಫ್ಯಾರಡ್. ಆಮೇಲೆ ಕೆಟ್ಟಿಲ್ಲ.

ಗೋಡೆಯ ಸ್ವಿಚ್ ಮೊದಲಿನಂತೆಯೇ ಕೆಲಸ ಮಾಡಬೇಕು ಎಂಬುದು ನನ್ನ ಹಟವಾಗಿತ್ತು. ಕೆಟ್ಟ ವಾಸನೆ ತೇವಾಂಶದ ಸೆನ್ಸರಿಗೆ ಗೊತ್ತಾಗುವುದಿಲ್ಲವಲ್ಲ. ಈಗ ಸ್ವಿಚ್ ಒತ್ತಿದರೆ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಮನೆಗೆ ಬಂದವರಿಗೆ ಏನೂ ಹೇಳಿಕೊಡಬೇಕಿಲ್ಲ.

ಬೂಷ್ಟು ಮತ್ತೆ ಬಂದಿಲ್ಲ. ಆದರೆ ಈ ವರ್ಷ ಗ್ರಾಫ್ ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲು 20 ನಿಮಿಷಕ್ಕೆ ಒಣಗುತ್ತಿದ್ದ ಕೋಣೆಗೆ 35 ನಿಮಿಷ ಬೇಕಾಗುತ್ತಿತ್ತು. ಮೇನ್ ಆಫ್ ಮಾಡಿ ಜಾಲರಿ ಬಿಚ್ಚಿದರೆ ರೆಕ್ಕೆಗಳ ಮೇಲೆ ದಪ್ಪಗೆ ಧೂಳು. ಒರೆಸಿದೆ. ಬಾಗಿಲ ಕೆಳಗೆ ಅಂಟಿಸಿದ್ದ ರಬ್ಬರ್ ಪಟ್ಟಿಯನ್ನೂ ಕಿತ್ತೆ, ಒಳಗೆ ಗಾಳಿ ಬಂದರೆ ತಾನೇ ಹೊರಗೆ ಹೋಗುವುದು? ಮರುದಿನ 18 ನಿಮಿಷಕ್ಕೇ ಫ್ಯಾನ್ ನಿಂತಿತು.