ಬರ್ಕ್ ಭಾಷಣದ ಮರುಮುದ್ರಣ: ಅಚ್ಚು ಕಳಪೆ, ಆದ್ರೂ ಇಟ್ಟುಕೊಂಡೆ

ಐದಕ್ಕೆ ಮೂರು ಸ್ಟಾರ್. ಕಳೆದ ಎರಡು ಸ್ಟಾರೂ ಅಚ್ಚು ಹಾಕಿದವರ ಲೆಕ್ಕಕ್ಕೆ, ಬರ್ಕ್ ಲೆಕ್ಕಕ್ಕಲ್ಲ.

ಬ್ರಿಟಿಷ್ ಎಂಪಿ ಎಡ್ಮಂಡ್ ಬರ್ಕ್ 1785ರ ಫೆಬ್ರುವರಿ 28ರಂದು ಅಲ್ಲಿನ ಪಾರ್ಲಿಮೆಂಟಿನ ಕಾಮನ್ಸ್ ಸಭೆಯಲ್ಲಿ ಆರ್ಕಾಟ್ ನವಾಬನ ಸಾಲದ ಬಗ್ಗೆ ಮಾಡಿದ ಭಾಷಣ ಇದು. ಸಭೆಯಲ್ಲಿ ಬಹುಮತ ಸಿಗಲಿಲ್ಲ. ಅದೇ ವರ್ಷ ಲಂಡನ್ನಿನ ಡಾಡ್ಸ್‌ಲಿ ಇದನ್ನು ಪುಸ್ತಿಕೆಯಾಗಿ ಅಚ್ಚು ಹಾಕಿದ. ನನಗೆ ಬಂದಿದ್ದು ಅದರ ಸ್ಕ್ಯಾನ್ ಪ್ರತಿ, 640 ರೂಪಾಯಿ.

ಮೊದಲೇ ಹೇಳಿಬಿಡ್ತೀನಿ, ಓದೋದು ಕಷ್ಟ. ಆ ಕಾಲದ ಅಚ್ಚಿನಲ್ಲಿ ಸಣ್ಣ 'ಎಸ್' ಅಕ್ಷರ ಬಹುಪಾಲು ಕಡೆ 'ಎಫ್' ತರ ಕಾಣುತ್ತೆ. 'ಸೈಟ್' ಅನ್ನೋದು 'ಫೈಟ್' ಆಗುತ್ತೆ, 'ಸೇಮ್' ಹೋಗಿ 'ಫೇಮ್' ಆಗುತ್ತೆ. ಹತ್ತು ಪುಟ ಆದ ಮೇಲೆ ಕಣ್ಣು ಒಗ್ಗಿಕೊಳ್ತು. ಕೊನೆಯ ಅನುಬಂಧದಲ್ಲಿ ಮಾತ್ರ ಅಂಚಿನ ಅಂಕಿಗಳೇ ಕತ್ತರಿಸಿ ಹೋಗಿವೆ. ಒಂದು ಪುಟದಲ್ಲಿ ಸ್ಕ್ಯಾನ್ ಮಾಡಿದವರ ಹೆಬ್ಬೆರಳೂ ಇದೆ.

ನಾನು ಕೊಂಡಿದ್ದು ಹೈದರ್ ಅಲಿಗೋಸ್ಕರ. ನಮ್ಮದು ಕೋಲಾರ ಜಿಲ್ಲೆ, ಅವನು ಹುಟ್ಟಿದ ಬೂದಿಕೋಟೆ ಇರೋ ಕಡೆ. 1780ರಲ್ಲಿ ಅವನು ದಂಡೆತ್ತಿ ಘಟ್ಟ ಇಳಿದದ್ದನ್ನು ಬರ್ಕ್ ಬೆಟ್ಟದ ಇಳಿಜಾರಿಗೆ ಜೋತುಬಿದ್ದ ಕರಿಮೋಡ ಅನ್ನುತ್ತಾನೆ. ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಒಮ್ಮೆಲೇ ಒಡೆದು 'ಕರ್ನಾಟಿಕ್' ಬಯಲಿನ ಮೇಲೆ ಸುರಿಯುತ್ತೆ. (ಇದು ನಮ್ಮ ಕರ್ನಾಟಕ ಅಲ್ಲ, ಘಟ್ಟದ ಕೆಳಗಿನ ಆರ್ಕಾಟ್ ಸೀಮೆ.) ಇಂಡಿಯಾಕ್ಕೆ ಕಾಲೇ ಇಡದವನು ಬರೆದಿದ್ದು ಇದು!

ಆದ್ರೆ ನನ್ನನ್ನು ಹಿಡಿದು ಕೂರಿಸಿದ್ದು ಕೆರೆಗಳು. ನವಾಬನಿಗೆ ಸಾಲ ಕೊಟ್ಟವರಲ್ಲಿ ಪಾಲ್ ಬೆನ್‌ಫೀಲ್ಡ್‌ನಂಥ ಈಸ್ಟ್ ಇಂಡಿಯಾ ಕಂಪನಿ ನೌಕರರೇ ಇದ್ದರು. ಬ್ರಿಟನ್ ಪ್ರಧಾನಿ ಪಿಟ್‌ನ ಸರ್ಕಾರ ಸಾಲ ನಿಜವೋ ಸುಳ್ಳೋ ವಿಚಾರಿಸದೆ, ಆ ಸೀಮೆಯ ಕಂದಾಯದಿಂದ ತೀರಿಸಲು ಒಪ್ಪಿತ್ತು. ಬರ್ಕ್ ಕೇಳೋದು ಇಷ್ಟೇ: ಕಂದಾಯ ಪೂರ್ತಿ ಸಾಲ ಕೊಟ್ಟವರೇ ಬಾಚಿಕೊಂಡರೆ ಕೆರೆ ರಿಪೇರಿ ಮಾಡೋರು ಯಾರು? ಮದ್ರಾಸ್ ಸುತ್ತಲಿನ ಜಾಗೀರಿನ ನಕ್ಷೆ ಹಿಡಿದು ತಾನೇ ಎಣಿಸಿದ್ದಾನೆ. 1,100ಕ್ಕೂ ಜಾಸ್ತಿ ಕೆರೆ. ಚಿಕ್ಕದು ಎರಡು ಮೂರು ಎಕರೆ, ದೊಡ್ಡದರ ಸುತ್ತಳತೆ ಐದು ಮೈಲಿ. ನಾನು ಸಣ್ಣ ನೀರಾವರಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನು. ಏರಿ, ತೂಬು, ಕೋಡಿ, ಹೂಳು ಅಂತಲೇ ಸರ್ವಿಸ್ ಮುಗೀತು. ನಕ್ಷೆ ಮೇಲೆ ಪೆನ್ಸಿಲ್ ಇಟ್ಟು ಕೆರೆ ಎಣಿಸೋ ಕಷ್ಟ ನನಗೆ ಗೊತ್ತು. ಎರಡು ಸಲ ಎಣಿಸಿದರೆ ಎರಡು ಲೆಕ್ಕ ಬರುತ್ತೆ. ಲಂಡನ್ನಿನಲ್ಲಿ ಕೂತು ಒಬ್ಬ ಎಂಪಿ ಆ ಕೆಲಸ ಮಾಡಿದ್ದಾನೆ ಅಲ್ವಾ, ಆ ಪುಟ ಮೂರು ಸಲ ಓದಿದೆ.

ಉಳಿದ ಕಡೆ ಎಳೀತಾನೆ. ಬಡ್ಡಿ ಲೆಕ್ಕ ಪುಟಗಟ್ಟಲೆ ಇದೆ, ಸುಮ್ನೆ ಹಾರಿಸಿ.

ಕತ್ತರಿಸಿ ಹೋದ ಅಂಕಿಗಳ ಬಗ್ಗೆ ಮಾರಿದವರಿಗೆ ದೂರು ಕೊಟ್ಟೆ. ಮರುಮಾತಿಲ್ಲದೆ ಬೇರೆ ಪ್ರತಿ ಕಳಿಸಿದರು. ಅದರಲ್ಲೂ ಅದೇ ಅಂಚು, ಅದೇ ಹೆಬ್ಬೆರಳು.