ಲೆಕ್ಸಿಂಗ್ಟನ್‌ನಲ್ಲಿ ಮೊದಲ ಗುಂಡು ಹಾರಿಸಿದ್ದು ಯಾರು? ಅಮೆರಿಕದ ಇತಿಹಾಸ ಕಲಿಸುವವರಿಗೆ ಸಿಗುವ ಉಚಿತ ಸಾಮಗ್ರಿ, ನಾನು ಬಳಸಿ ನೋಡಿದ್ದು

ನ್ಯೂಜೆರ್ಸಿಯಲ್ಲಿ ಎಂಟನೇ ಕ್ಲಾಸಿಗೆ ಅಮೆರಿಕದ ಇತಿಹಾಸ ಪಾಠ ಮಾಡುತ್ತೇನೆ. ಇಲ್ಲಿ ಟೀಚರ್‌ಗಳು ವರ್ಷಕ್ಕೆ ಕನಿಷ್ಠ 20 ಗಂಟೆ ತರಬೇತಿ ಪಡೆಯಬೇಕು ಅಂತ ನಿಯಮ ಇದೆ. ಎಲ್ಲಿ ತಗೋಬೇಕು, ಪಾಠಕ್ಕೆ ಸಾಮಗ್ರಿ ಎಲ್ಲಿಂದ ತರಬೇಕು ಅಂತ ಈ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮವರು ಕೇಳ್ತಾನೇ ಇರ್ತಾರೆ. ಈ ದೇಶದ ಇತಿಹಾಸವನ್ನು ಶಾಲೆಯಲ್ಲಿ ಓದಿ ಬೆಳೆದವಳಲ್ಲ ನಾನು, ಇಲ್ಲಿಗೆ ಬಂದ ಮೇಲೆ ಕಲಿತವಳು. ಹಾಗಾಗಿ ಪಾಠಕ್ಕೂ ಮೊದಲು ನನಗೇ ಏನು ಉಪಯೋಗವಾಯಿತು ಅನ್ನೋದನ್ನೂ ಸೇರಿಸಿ ಹೇಳ್ತೀನಿ.

ಎಲ್ಲಕ್ಕಿಂತ ಮೊದಲು 'ರೀಡಿಂಗ್ ಲೈಕ್ ಎ ಹಿಸ್ಟೋರಿಯನ್'. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಕಟ್ಟಿದ ತಂಡ ಮಾಡಿದ ಪಾಠಗಳು ಇವು, ಈಗ ಅದೇ ತಂಡ 'ಡಿಜಿಟಲ್ ಇನ್‌ಕ್ವೈರಿ ಗ್ರೂಪ್' ಅನ್ನೋ ಹೆಸರಲ್ಲಿ ಬೇರೆಯಾಗಿ ನಡೆಯುತ್ತಿದೆ. ಒಂದು ಅಕೌಂಟ್ ಮಾಡಿಕೊಂಡರೆ ಸಾಕು, ದುಡ್ಡಿಲ್ಲ. ಪ್ರತಿ ಪಾಠಕ್ಕೂ ಒಂದೇ ಒಂದು ಪ್ರಶ್ನೆ, ಅದರ ಜೊತೆ ಎರಡೋ ಮೂರೋ ನಾಲ್ಕೋ ಹಳೆಯ ದಾಖಲೆಗಳು. ಮಕ್ಕಳು ಅವನ್ನು ಓದಿ ತಮ್ಮ ಉತ್ತರ ತಾವೇ ಕಟ್ಟಬೇಕು.

ಲೆಕ್ಸಿಂಗ್ಟನ್ ಪಾಠವನ್ನೇ ತಗೊಳ್ಳಿ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದದ್ದು ಮ್ಯಾಸಚೂಸೆಟ್ಸ್‌ನ ಈ ಊರಿನಿಂದ: 1775ರ ಏಪ್ರಿಲ್ 19ರ ಬೆಳಗಿನ ಜಾವ ಬ್ರಿಟಿಷ್ ಸೈನಿಕರಿಗೂ ಊರಿನ ಜನರಿಗೂ ಗುಂಡಿನ ಚಕಮಕಿ ಆಯಿತು, ಊರಿನವರು ಎಂಟು ಜನ ಸತ್ತರು. ಮೊದಲು ಗುಂಡು ಹಾರಿಸಿದ್ದು ಯಾರು? ಒಂದು ಹಾಳೆಯಲ್ಲಿ ಬಾರ್ಕರ್ ಅನ್ನೋ ಬ್ರಿಟಿಷ್ ಅಧಿಕಾರಿಯ ಡೈರಿ: ನಾವು ಹತ್ತಿರ ಹೋದಾಗ ಅವರೇ ಒಂದೆರಡು ಗುಂಡು ಹಾರಿಸಿದರು, ಆಮೇಲೆ ನಮ್ಮವರು ಆರ್ಡರ್ ಇಲ್ಲದೇ ನುಗ್ಗಿದರು ಅಂತ. ಇನ್ನೊಂದರಲ್ಲಿ ಊರಿನ 34 ಜನ ಏಪ್ರಿಲ್ 25ರಂದು ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ: ನಾವು ಬೆನ್ನು ತಿರುಗಿಸಿದ್ದೆವು, ಅವರೇ ಹೊಡೆದರು ಅಂತ.

ಎರಡೂ ಹಾಳೆ ಹಂಚಿ ನಾನು ಸುಮ್ನೆ ನಿಂತೆ. ಮೊದಲ ಐದು ನಿಮಿಷ ಎಲ್ಲರೂ ಊರಿನವರ ಪಕ್ಷವೇ, ಪ್ರಮಾಣ ಮಾಡಿದ್ದಾರಲ್ಲ ಅಂತ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಡೈರಿಯ ತಾರೀಕಿನ ಮೇಲೆ ಬೆರಳಿಟ್ಟಳು. ಇದನ್ನು ಅದೇ ದಿನ ಬರೆದಿದ್ದಾನೆ, ಅವರು ಆರು ದಿನ ಬಿಟ್ಟು ಹೇಳಿದ್ದಾರೆ, ಅಷ್ಟೊತ್ತಿಗೆ ಎಲ್ಲರೂ ಮಾತಾಡಿಕೊಂಡಿರಲ್ವಾ ಅಂದಳು. ಇನ್ನೊಬ್ಬ ತಕ್ಷಣ, ಡೈರಿಯಲ್ಲಿ ಸುಳ್ಳು ಬರೆಯಬಾರದು ಅಂತ ಎಲ್ಲಿದೆ ಅಂತ ಕೇಳಿದ. ಬೆಲ್ ಹೊಡೆದರೂ ಜಗಳ ಮುಗಿದಿರಲಿಲ್ಲ. ಮರುದಿನ ನಾನು ಒಂದು ವಿಷಯ ಸೇರಿಸಿದೆ: ಊರಿನವರ ಇಂಥ ಹೇಳಿಕೆಗಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿದ್ದರು, ಬ್ರಿಟಿಷ್ ಜನರಲ್ ಗೇಜ್‌ನ ಅಧಿಕೃತ ವರದಿಗಿಂತ ಮೊದಲೇ ಅವು ಲಂಡನ್ ತಲುಪಿದವು. ಕ್ಲಾಸ್ ಮತ್ತೆ ಶುರುವಿನಿಂದ ಯೋಚಿಸೋಕೆ ಹತ್ತಿತು.

ಈ ಪಾಠದ ಹಿಂದೆ ಒಂದು ಒಳ್ಳೆಯ ಕಥೆ ಇದೆ. ವೈನ್‌ಬರ್ಗ್ 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಂಟು ಜನ ಇತಿಹಾಸಕಾರರಿಗೂ ಎಂಟು ಜನ ಹೈಸ್ಕೂಲ್ ವಿದ್ಯಾರ್ಥಿಗಳಿಗೂ ಇದೇ ಲೆಕ್ಸಿಂಗ್ಟನ್ ದಾಖಲೆಗಳನ್ನು ಕೊಟ್ಟು, ಓದುವಾಗ ತಲೆಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಅಂದಿದ್ದರು. ವಿದ್ಯಾರ್ಥಿಗಳು ಮೊದಲ ಸಾಲಿನಿಂದ ಓದುತ್ತಾ ಹೋದರು. ಇತಿಹಾಸಕಾರರು ಮಾತ್ರ ಮೊದಲು ಬರೆದವರು ಯಾರು, ಯಾವಾಗ ಅಂತ ನೋಡುತ್ತಿದ್ದರು. ಇದನ್ನು ಓದಿದ ದಿನ ನನಗೆ ಗೊತ್ತಾಯಿತು, ನಾನೂ ಅಷ್ಟು ವರ್ಷ ಮೇಲಿನಿಂದಲೇ ಓದುತ್ತಿದ್ದೆ ಅಂತ.

ಒಂದು ಮಾತು ಹೇಳಲೇಬೇಕು. ದಾಖಲೆಗಳ ಭಾಷೆಯನ್ನು ಮಕ್ಕಳಿಗಾಗಿ ಸರಳ ಮಾಡಿರುತ್ತಾರೆ, ಉದ್ದದ್ದನ್ನು ಕತ್ತರಿಸಿರುತ್ತಾರೆ. ಮೂಲವನ್ನು ಮುಟ್ಟಬಾರದು ಅನ್ನೋ ಟೀಚರ್‌ಗಳಿದ್ದಾರೆ, ಅವರ ಮಾತಲ್ಲೂ ಸತ್ಯ ಇದೆ. ಆದರೆ ನನ್ನ ಕ್ಲಾಸಿನಲ್ಲಿ ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ನಾಲ್ಕು ಮಕ್ಕಳಿದ್ದಾರೆ. ಹದಿನೆಂಟನೇ ಶತಮಾನದ ವಾಕ್ಯ ಹಾಗೇ ಕೊಟ್ಟರೆ ಅವರು ಚರ್ಚೆಯಿಂದಲೇ ಹೊರಗುಳಿಯುತ್ತಾರೆ. ನಾನು ಸರಳ ಮಾಡಿದ್ದನ್ನು ಹಂಚಿ, ಮೂಲವನ್ನು ಬೋರ್ಡಿನ ಮೇಲೆ ತೋರಿಸ್ತೀನಿ. ಸಮಯ ಜಾಸ್ತಿ ಬೇಕು, ಒಂದು ಪಾಠಕ್ಕೆ ಎರಡು ಪೀರಿಯಡ್ ಇಟ್ಟುಕೊಳ್ಳಿ.

ಮೂಲ ಹಾಳೆಯೇ ಬೇಕು ಅನ್ನುವವರಿಗೆ ಅಮೆರಿಕ ಸರ್ಕಾರದ ದಾಖಲೆಗಳನ್ನು ಕಾಪಾಡುವ ನ್ಯಾಷನಲ್ ಆರ್ಕೈವ್ಸ್‌ನ 'ಡಾಕ್ಸ್‌ಟೀಚ್' ವೆಬ್‌ಸೈಟ್ ಇದೆ, ಅದೂ ಉಚಿತ. ಅಲ್ಲಿ ನನ್ನ ಪ್ರೀತಿಯ ದಾಖಲೆ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್ 1958ರ ಮೇ 13ರಂದು ಅಧ್ಯಕ್ಷ ಐಸೆನ್‌ಹೋವರ್‌ಗೆ ಬರೆದ ಪತ್ರ. ಕಪ್ಪು ಜನರು ತಾಳ್ಮೆ ಇಟ್ಟುಕೊಳ್ಳಬೇಕು ಅಂತ ಅಧ್ಯಕ್ಷರು ಹಿಂದಿನ ದಿನ ಭಾಷಣದಲ್ಲಿ ಹೇಳಿದ್ದರು, ಸಭೆಯಲ್ಲಿ ಕೂತು ಕೇಳಿದ ರಾಬಿನ್‌ಸನ್ ಮರುದಿನವೇ ಉತ್ತರ ಬರೆದರು. ಮಕ್ಕಳು ಮೊದಲು ನೋಡೋದು ಪತ್ರದ ತಲೆಯಲ್ಲಿ ಅಚ್ಚಾಗಿರೋ ಕಾಫಿ ಕಂಪನಿಯ ಹೆಸರು. ಬೇಸ್‌ಬಾಲ್ ಆಟಗಾರನಿಗೂ ಕಾಫಿಗೂ ಏನು ಸಂಬಂಧ? ಆಟ ಬಿಟ್ಟ ಮೇಲೆ ಅವರು ಅಲ್ಲಿ ಉಪಾಧ್ಯಕ್ಷರಾಗಿದ್ದರು. ಟೈಪ್ ಮಾಡಿ ಪುಸ್ತಕದಲ್ಲಿ ಹಾಕಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಡಾಕ್ಸ್‌ಟೀಚ್‌ನಲ್ಲಿ ದಾಖಲೆಗಳನ್ನು ಆರಿಸಿಕೊಂಡು ನಾವೇ ಚಟುವಟಿಕೆ ಮಾಡಬಹುದು: ಕಾಲಕ್ರಮದಲ್ಲಿ ಜೋಡಿಸೋದು, ಒಂದು ಮೂಲೆಯನ್ನಷ್ಟೇ ದೊಡ್ಡದು ಮಾಡಿ ತೋರಿಸೋದು, ಹೀಗೆ. ಕೈಬರಹದ ದಾಖಲೆ ಆರಿಸುವಾಗ ಮಾತ್ರ ಎಚ್ಚರ ಇರಲಿ, ಇಂಗ್ಲಿಷಿನ ಕೂಡಿಸಿ ಬರೆದ ಅಕ್ಷರ (ಕರ್ಸಿವ್) ಓದೋಕೆ ಈಗಿನ ಮಕ್ಕಳು ಒದ್ದಾಡುತ್ತಾರೆ.

ಲೈಬ್ರರಿ ಆಫ್ ಕಾಂಗ್ರೆಸ್‌ನವರ ಒಂದು ಪುಟದ ಹಾಳೆಯನ್ನೂ ಇಳಿಸಿಕೊಳ್ಳಿ: ಏನು ಕಾಣಿಸ್ತಿದೆ, ಏನು ಅನ್ನಿಸ್ತಿದೆ, ಏನು ಕೇಳಬೇಕು ಅನ್ನೋ ಮೂರು ಭಾಗ. ಹಳೆಯ ಫೋಟೋಗಳಿಗೆ ಇದಕ್ಕಿಂತ ಸುಲಭದ್ದು ಬೇಡ.

ಇನ್ನು ತರಬೇತಿ. ಒಂದು ಖಾಸಗಿ ಸಂಸ್ಥೆಯ ಇಡೀ ದಿನದ ವರ್ಕ್‌ಶಾಪ್‌ಗೆ ಹೋಗಿದ್ದೆ, ಫೀಸು ಶಾಲೆ ಕಟ್ಟಿತ್ತು. ಬೆಳಗಿಂದ ಸಂಜೆವರೆಗೆ ಮಕ್ಕಳ ಆಸಕ್ತಿ ಹೆಚ್ಚಿಸೋದು ಹೇಗೆ ಅಂತ ಸ್ಲೈಡ್‌ಗಳು. ಒಂದೇ ಒಂದು ಐತಿಹಾಸಿಕ ದಾಖಲೆ ನಮ್ಮ ಕೈಗೆ ಬರಲಿಲ್ಲ. ಸರ್ಟಿಫಿಕೇಟ್ ಸಿಕ್ಕಿತು, ಸೋಮವಾರದ ಪಾಠಕ್ಕೆ ಏನೂ ಸಿಗಲಿಲ್ಲ. ತುಂಬಾ ಬೇಜಾರಾಯಿತು, ಯಾಕಂದ್ರೆ ಆ ದಿನ ನನ್ನ ಮಕ್ಕಳನ್ನು ಬೇರೆ ಟೀಚರ್ ಕೈಗೆ ಬಿಟ್ಟು ಹೋಗಿದ್ದೆ. ಆವತ್ತಿನಿಂದ ಸೇರುವ ಮೊದಲು ಒಂದೇ ಪ್ರಶ್ನೆ ಕೇಳ್ತೀನಿ: ಅಲ್ಲಿ ನಾವು ಏನನ್ನು ಓದುತ್ತೇವೆ?

ಈ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುವ ಜಾಗ ನ್ಯೂಯಾರ್ಕಿನ ಗಿಲ್ಡರ್ ಲೆಹ್ರ್‌ಮನ್ ಸಂಸ್ಥೆ. 1994ರಲ್ಲಿ ಶುರುವಾದದ್ದು, ಅವರ ಸಂಗ್ರಹದಲ್ಲಿ 80,000ಕ್ಕೂ ಹೆಚ್ಚು ದಾಖಲೆಗಳಿವೆ. ಶಾಲೆಯನ್ನು ಅಲ್ಲಿ ಅಂಗಸಂಸ್ಥೆಯಾಗಿ ನೋಂದಾಯಿಸೋಕೆ ಖರ್ಚಿಲ್ಲ. ಇತಿಹಾಸಕಾರರೇ ಮಾತಾಡುವ ವಿಡಿಯೋಗಳು ನನ್ನಂಥವರಿಗೆ ನಿಜವಾದ ಆಸರೆ. ಅಂತರ್ಯುದ್ಧದ ನಂತರದ ಪುನರ್ನಿರ್ಮಾಣದ ಕಾಲವನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಅಲ್ಲಿಂದಲೇ.

ಬೇಸಿಗೆಯಲ್ಲಿ ಒಂದು ವಾರ ಸಿಗುತ್ತೆ ಅಂದ್ರೆ ವರ್ಜೀನಿಯಾದ ಮೌಂಟ್ ವರ್ನನ್‌ನಲ್ಲಿ, ಅಂದರೆ ಜಾರ್ಜ್ ವಾಷಿಂಗ್ಟನ್ ಮನೆಯಲ್ಲಿ, ಟೀಚರ್‌ಗಳಿಗೆ ಅಲ್ಲೇ ಉಳಿದು ಕಲಿಯುವ ಕಾರ್ಯಕ್ರಮ ಇರುತ್ತೆ. ಅರ್ಜಿ ಹಾಕಿ ಆಯ್ಕೆಯಾಗಬೇಕು. ನನ್ನ ಸಹೋದ್ಯೋಗಿ ಹೋಗಿ ಬಂದವರು 1799ರ ಪಟ್ಟಿಯ ಒಂದು ಪ್ರತಿ ತಂದು ತೋರಿಸಿದರು. ಆ ಜಾಗದಲ್ಲಿ ಗುಲಾಮರಾಗಿದ್ದ 317 ಜನರ ಪಟ್ಟಿ, ವಾಷಿಂಗ್ಟನ್ ತಮ್ಮ ಕೈಯಾರೆ ಬರೆದದ್ದು. ಹೆಸರುಗಳನ್ನು ನಾವಿಬ್ಬರೂ ಊಟದ ಬ್ರೇಕಿನಲ್ಲಿ ಒಂದೊಂದಾಗಿ ಓದಿದೆವು. ಈ ವರ್ಷ ಆ ಪಟ್ಟಿಯಿಂದಲೇ ಪಾಠ ಶುರು ಮಾಡ್ತೀನಿ, ಮಕ್ಕಳ ಮುಂದೆ ಇಟ್ಟು ಮೊದಲು ಕೇಳೋದು ಇಷ್ಟೇ: ಇದನ್ನು ಬರೆದವರು ಯಾರು, ಯಾಕೆ ಬರೆದರು?