ಫ್ಲಿಪ್ ವಿಲ್ಸನ್ ಅಥವಾ ರಿಚರ್ಡ್ ಪ್ರಯರ್: ಎರಡನ್ನೂ ಕೊಂಡು ನೋಡಿದ ಮೇಲೆ

ಅಮೆರಿಕದ ಕಪ್ಪು ಹಾಸ್ಯನಟ ಫ್ಲಿಪ್ ವಿಲ್ಸನ್ ಅವರ ಟಿವಿ ಕಾರ್ಯಕ್ರಮದ ಡಿವಿಡಿಗಳನ್ನು ನಾನು ಎರಡು ಸಲ ಕೊಂಡಿದ್ದೇನೆ. ಮೊದಲ ಸಲ ದುಡ್ಡು ದಂಡವಾಯಿತು. ಆ ಬೇಸರದಲ್ಲಿ ಅಲ್ಲಿನ ಇನ್ನೊಬ್ಬ ಕಪ್ಪು ಹಾಸ್ಯನಟ ರಿಚರ್ಡ್ ಪ್ರಯರ್ ಅವರದನ್ನು ತರಿಸಿದೆ, ಕೊನೆಗೆ ಮತ್ತೆ ವಿಲ್ಸನ್ ಬಳಿಗೇ ಬಂದೆ. ಒಂದನ್ನೇ ಕೊಳ್ಳುವುದಾದರೆ ವಿಲ್ಸನ್ ಅವರದನ್ನೇ ಕೊಳ್ಳಿ, ಆದರೆ ಕಂತಿನ ಅವಧಿ ನೋಡಿ ಕೊಳ್ಳಿ.

ನಾನು ಎಡವಿದ್ದು ಅಲ್ಲಿಯೇ. 1970ರಿಂದ 1974ರವರೆಗೆ ಅಮೆರಿಕದ ಟಿವಿ ವಾಹಿನಿ ಎನ್‌ಬಿಸಿಯಲ್ಲಿ ಬಂದ ಮೂಲ ಕಂತು ಜಾಹೀರಾತು ಸೇರಿ ಒಂದು ಗಂಟೆಯದು. ಮರುಪ್ರಸಾರಕ್ಕೆಂದು ಅದನ್ನು ಅರ್ಧ ಗಂಟೆಗೆ ಇಳಿಸಿದ ಪ್ರತಿಗಳೂ ಇವೆ, ನನಗೆ ಸಿಕ್ಕಿದ್ದು ಅಂಥದ್ದೇ. ಗಾಯಕಿಯ ಹೆಸರು ಹೇಳುತ್ತಾರೆ, ಚಪ್ಪಾಳೆ ಏಳುತ್ತದೆ, ಮರುಕ್ಷಣ ಬೇರೆ ಪ್ರಹಸನ ಶುರುವಾಗಿರುತ್ತದೆ. ಹಾಡೇ ಇಲ್ಲ!

ಇದು ಸಣ್ಣ ಕೊರತೆಯಲ್ಲ. ನಕ್ಕು ದಣಿದಾಗ ಒಂದು ಹಾಡು, ಹಾಡು ಮುಗಿಯುವಾಗ ಮತ್ತೆ ನಗು, ಈ ಏರಿಳಿತವೇ ಇಂಥ ಕಾರ್ಯಕ್ರಮದ ಜೀವ. ಅರೀಥಾ ಫ್ರಾಂಕ್ಲಿನ್, ರೇ ಚಾರ್ಲ್ಸ್, ಜಾಕ್ಸನ್ ಫೈವ್ ಬಂದು ಹಾಡಿದ ವೇದಿಕೆ ಅದು. ಇದೇ ಎನ್‌ಬಿಸಿಯಲ್ಲಿ 1956ರಲ್ಲಿ ಶುರುವಾದ ನ್ಯಾಟ್ ಕಿಂಗ್ ಕೋಲ್ ಅವರ ಕಾರ್ಯಕ್ರಮ, ಕಪ್ಪು ಗಾಯಕನಿಗೆ ಹಣ ಹೂಡುವ ರಾಷ್ಟ್ರಮಟ್ಟದ ಪ್ರಾಯೋಜಕರು ಸಿಗದೆ ಮರುವರ್ಷವೇ ನಿಂತಿತ್ತು. ವಿಲ್ಸನ್ ಅವರದು ಮೊದಲ ಎರಡು ವರ್ಷ ಇಡೀ ಅಮೆರಿಕದಲ್ಲಿ ವೀಕ್ಷಣೆಯಲ್ಲಿ ಎರಡನೇ ಸ್ಥಾನದಲ್ಲಿತ್ತು. ಅಂಥ ಗೆಲುವಿನಿಂದ ಹಾಡುಗಳನ್ನೇ ಕಿತ್ತುಹಾಕಿದರೆ ಹೊಟ್ಟೆ ಉರಿಯುತ್ತದೆ.

ಪ್ರಯರ್ ಹೆಚ್ಚು ಹರಿತ, ಅದನ್ನು ಒಪ್ಪುತ್ತೇನೆ. ಅಮೆರಿಕದ ಮೊದಲ ಕಪ್ಪು ಅಧ್ಯಕ್ಷರಾಗಿ ಅವರು ನಡೆಸುವ ಪತ್ರಿಕಾಗೋಷ್ಠಿ ಗಂಭೀರವಾಗಿ ಆರಂಭವಾಗಿ, ಪ್ರಶ್ನೆಯಿಂದ ಪ್ರಶ್ನೆಗೆ ಕಾವೇರುತ್ತ ಹೋಗುವುದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಆದರೆ 1977ರಲ್ಲಿ ಬಂದದ್ದು ನಾಲ್ಕೇ ಕಂತು. ಒಂದು ವಾರಾಂತ್ಯಕ್ಕೆ ಮುಗಿಯಿತು.

1990ರಲ್ಲಿ ಶುರುವಾದ ‘ಇನ್ ಲಿವಿಂಗ್ ಕಲರ್’ ಎಂಬ ಪ್ರಹಸನಗಳ ಕಾರ್ಯಕ್ರಮವನ್ನೂ ನೋಡಿದೆ. ಊಟವಾದ ಮೇಲೆ ನನಗೆ ಅಷ್ಟು ಗದ್ದಲ ಒಗ್ಗುವುದಿಲ್ಲ.

ನಾವು ಟಿವಿ ನೋಡುವುದು ರಾತ್ರಿ ಊಟವಾದ ಮೇಲೆ, ದಿನಕ್ಕೆ ಒಂದೇ ಕಂತು, ಮನೆಮಂದಿಯೆಲ್ಲ ಕೂತು. ಹೋದ ವರ್ಷ ಕುಂದಾಪುರದಿಂದ ಅಮ್ಮ ನ್ಯೂಜೆರ್ಸಿಗೆ ಬಂದಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ವಿಲ್ಸನ್ ಹೆಣ್ಣುವೇಷ ಹಾಕಿ ಜೆರಾಲ್ಡೀನ್ ಆಗಿ ಬಂದದ್ದೇ ತಡ, ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಸುತ್ತಲೂ ಪ್ರೇಕ್ಷಕರಿರುವ ದುಂಡು ವೇದಿಕೆ, ಹೆಸರಿಗೆ ಒಂದಿಷ್ಟು ಪೀಠೋಪಕರಣ. ಜೆರಾಲ್ಡೀನ್ ಸೊಂಟದ ಮೇಲೆ ಕೈ ಇಟ್ಟು, ಕತ್ತು ಕೊಂಕಿಸಿ, ಎದುರಿನ ಗಂಡಸನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಾಳೆ. ಇಡೀ ರಾತ್ರಿ ಯಕ್ಷಗಾನ ನೋಡಿ ಬೆಳೆದ ಅಮ್ಮ ಹೇಳಿದರು: “ಸ್ತ್ರೀವೇಷಕ್ಕೆ ಸೀರೆ ಸಾಲದು ಮಗಾ, ಆ ಕೈ ಬೇಕು. ಇವರಿಗೆ ಆ ಕೈ ಇದೆ.”

ಪೂರ್ತಿ ಅವಧಿಯ ಕಂತುಗಳಿಗೆ ನಾನು ಕೊಟ್ಟದ್ದು ಮೊದಲಿನದರ ಎರಡರಷ್ಟು ಬೆಲೆ. ಆ ತಿಂಗಳು ಹೊರಗಿನ ಊಟ ಎರಡು ಸಲ ಬಿಟ್ಟೆವು. ಅಮ್ಮ ಊರಿಗೆ ಹೊರಡುವ ಹಿಂದಿನ ರಾತ್ರಿಯೂ ಅದರದೇ ಒಂದು ಕಂತು ಹಾಕಿಸಿಕೊಂಡು ನೋಡಿದರು.